ಏರ್ಕಾಡಿನ ಇಪ್ಪತ್ತು ತಿರುವುಗಳು, ಎರಡು ಅಂಗೈಗಳು

ಸೇಲಂ ನಗರದ ಬೆನ್ನಿಗೆ ಗೋಡೆಯಂತೆ ನಿಂತಿರುವ ಶೇರ್ವರಾಯನ್ ಬೆಟ್ಟಸಾಲಿನ ಮೇಲೆ ಏರ್ಕಾಡು ಇದೆ. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ. ಕನ್ನಡದಲ್ಲಿ ಅದೇ ಮಾತು ಕೆರೆಯ ಕಟ್ಟೆಗೆ ಸಂದಿದೆ. ಆದುದರಿಂದ ಏರ್ಕಾಡೆಂದರೆ ಕೆರೆಯ ಕಾಡು. ಆದರೆ ಸೈಕಲ್ಲಿನಲ್ಲಿ ಅಲ್ಲಿಗೆ ಹೊರಟ ಕನ್ನಡಿಗನಿಗೆ ಆ ಹೆಸರು ‘ಏರುವ ಕಾಡು’ ಎಂದೇ ಕೇಳಿಸಿದರೆ ತಪ್ಪೆನ್ನಲಾಗದು. ಸಮುದ್ರಮಟ್ಟದಿಂದ 300 ಮೀಟರಿಗೂ ಕೆಳಗಿರುವ ನಗರದಿಂದ ಹೊರಟು ಸುಮಾರು 30 ಕಿ.ಮೀ. ಮುಗಿಯುವುದರೊಳಗೆ ಅವನು ಸಾವಿರ ಮೀಟರಿಗೂ ಮಿಕ್ಕು ಮೇಲೇರಿರಬೇಕು; ನಡುವೆ 20 ಹೇರ್‌ಪಿನ್ ತಿರುವುಗಳನ್ನು ದಾಟಿರಬೇಕು.

ಈ ಘಾಟಿಯಲ್ಲಿ ಮೊದಲು ಸೋಲುವುದು ಕಾಲು ಎಂದೇ ಹೊಸಬರ ಎಣಿಕೆ. ನಿಜದಲ್ಲಿ ಅನೇಕರಿಗೆ ಮೊದಲು ದೂರು ಬರುವುದು ಕೈಯಿಂದ. ಕಿರುಬೆರಳು, ಅದರ ಪಕ್ಕದ ಉಂಗುರಬೆರಳು ಜೋಮು ಹಿಡಿಯುತ್ತವೆ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಗೆ, ಆ ಎರಡು ಬೆರಳುಗಳಿಗೆ ಹೋಗುವ ನರವೊಂದು ಇಕ್ಕಟ್ಟಾದ ಹಾದಿಯಲ್ಲಿ ಸಾಗುತ್ತದೆ. ಮೈಯ ಭಾರವನ್ನು ಗಂಟೆಗಟ್ಟಲೆ ಅದೇ ಜಾಗದ ಮೇಲೆ ಹೊರಿಸಿದರೆ ನರ ಮುನಿಯುವುದು ಸಹಜ. ಕೈ ಒದರಿದರೆ ಹೋಗುವ ಜೋಮಿಗೆ ಅಂಜಬೇಕಿಲ್ಲ. ಮರುದಿನವೂ ಉಳಿದರೆ, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ಸವಾರಿ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಪ್ಲಸ್ ಒನ್ ಸೇರಿದ ಮಕ್ಕಳಿಗೆ ಸರ್ಕಾರ ಕೊಡುವ ಉಚಿತ ಸೈಕಲ್ಲಿನಲ್ಲಿ ಈ ತೊಂದರೆ ಅಷ್ಟಾಗಿ ಕಾಣದು. ಅದರಲ್ಲಿ ಮಗು ನೆಟ್ಟಗೆ ಕೂರುತ್ತದೆ. ಭಾರವೆಲ್ಲ ಸೀಟಿನ ಮೇಲೆ. ರೋಡ್ ಬೈಕಿನ ಸಂಗತಿ ಬೇರೆ. ಅದರ ಹ್ಯಾಂಡಲ್ ಟಗರಿನ ಕೊಂಬಿನಂತೆ ಮುಂದಕ್ಕೆ ಚಾಚಿ ಕೆಳಕ್ಕೆ ಬಾಗಿರುತ್ತದೆ. ಈ ಬಾಗು ಪಂದ್ಯದವರ ಠೀವಿಗಾಗಿ ಇರುವುದೆಂದು ಭಾವಿಸಿದ ಪಾಲಕರು ಬಹಳ. ವಾಸ್ತವವಾಗಿ ಅದರ ದೊಡ್ಡ ಉಪಕಾರವೆಂದರೆ, ಕೈಗೆ ಒಂದಲ್ಲ, ಮೂರು ಮನೆಗಳನ್ನು ಒದಗಿಸುವುದು: ಮೇಲಿನ ಅಡ್ಡಪಟ್ಟಿ, ಬ್ರೇಕಿನ ಬುಡದ ರಬ್ಬರ್ ಹಿಡಿ, ಕೆಳಗಿನ ಕೊಂಬು. ದಿನವಿಡೀ ಒಂದೇ ಮನೆಯಲ್ಲಿ ಕುಳಿತವನಿಗೆ ಈ ಹ್ಯಾಂಡಲ್ ಕೊಂಡ ದುಡ್ಡು ದಂಡವೇ ಸರಿ.

ಅಡಿವಾರದಿಂದ ಏರು ತೊಡಗಿದ ಮೇಲೆ ಗಂಟೆಗೆ ಎಂಟು-ಹತ್ತು ಕಿ.ಮೀ. ವೇಗದಲ್ಲಿ ಹೋಗುವವನಿಗೆ ಅಡ್ಡಪಟ್ಟಿಯೇ ಹಿತ. ಎದೆ ತೆರೆದು ಉಸಿರು ಸಲೀಸಾಗುತ್ತದೆ. ತಿರುವಿನ ಒಳಮೈ ಕಡಿದಾದಲ್ಲಿ ಸೀಟಿನಿಂದೆದ್ದು ತುಳಿಯಬೇಕಾದರೆ ರಬ್ಬರ್ ಹಿಡಿಗೆ ಕೈ ಸರಿಯಬೇಕು. ಎದುರಿನಿಂದ ಬಸ್ಸು ಬರುವಾಗಲೂ ಅಷ್ಟೆ, ಏಕೆಂದರೆ ಅಡ್ಡಪಟ್ಟಿ ಹಿಡಿದ ಕೈಗೆ ಬ್ರೇಕ್ ಸಿಗದು. ಮೊಣಕೈ ತುಸು ಮಡಿಚಿರಲಿ, ಮಣಿಕಟ್ಟು ಹಿಂದಕ್ಕೆ ಮುರಿಯದಿರಲಿ. ಇಷ್ಟೆಲ್ಲ ಮಾಡಿಯೂ ಅಂಗೈ ನೊಂದರೆ ದೋಷವನ್ನು ಬೇರೆಡೆ ಹುಡುಕಬೇಕು. ದೂರು ಕೊಟ್ಟದ್ದು ಕೈಯಾದರೂ ಆರೋಪಿ ಸೀಟು ಆಗಿರಬಹುದು: ಅದರ ಮೂಗು ಕೆಳಗೆ ವಾಲಿದ್ದರೆ ಮೈ ಜಾರಿ ಜಾರಿ ಕೈಯ ಮೇಲೆ ಬೀಳುತ್ತದೆ. ಹ್ಯಾಂಡಲ್ ತೀರ ದೂರವಿದ್ದರೂ ಫಲ ಅದೇ. ದಪ್ಪ ಗ್ಲೌಸು ಕೊಂಡು ಈ ತಪ್ಪನ್ನು ಮುಚ್ಚುವುದು ಅಂಗಡಿಯವನಿಗೆ ಮಾತ್ರ ಲಾಭ.

ಮೇಲೆ ಕಾಫಿ ತೋಟಗಳ ನೆರಳು, ಮೆಣಸಿನ ಬಳ್ಳಿ, ಊರ ನಡುವಿನ ಕೆರೆ. ಬಂದ ಶ್ರಮ ಅಲ್ಲಿ ಮರೆಯುತ್ತದೆ. ಮರೆಯಬಾರದ್ದು ಇಳಿತ.

ಇಳಿಯುವಾಗ ಹೊಸಬರು ಹೆದರಿ ನೆಟ್ಟಗಾಗುತ್ತಾರೆ, ಕೈಯನ್ನು ಮೇಲೆಯೇ ಇಟ್ಟುಕೊಳ್ಳುತ್ತಾರೆ. ಕೆಳಕ್ಕೆ ಬಾಗಿದರೆ ಬಿದ್ದೇವೆಂಬ ಭಯ. ಕ್ಷೇಮವಿರುವುದು ಮಾತ್ರ ಕೆಳಗಿನ ಕೊಂಬಿನಲ್ಲಿಯೇ. ಬ್ರೇಕಿನ ಹಿಡಿ ತಿರುಗುವ ಕೀಲು ಅದರ ಮೇಲ್ತುದಿಯಲ್ಲಿರುತ್ತದೆ. ರಬ್ಬರಿನ ಮೇಲಿಂದ ಒತ್ತುವ ಬೆರಳು ಕೀಲಿನ ಹತ್ತಿರ ಒತ್ತುತ್ತದೆ. ಕೊಂಬಿನಿಂದ ಒತ್ತುವುದು ಹಿಡಿಯ ತುದಿಯ ಕಡೆ. ಹಾರೆಯ ತುದಿ ಹಿಡಿದರೆ ಕಲ್ಲು ಸುಲಭವಾಗಿ ಏಳುವಂತೆ, ಇಲ್ಲಿ ಎರಡು ಬೆರಳಿನ ಬಲಕ್ಕೇ ಚಕ್ರ ಮಣಿಯುತ್ತದೆ. ಮೈಯ ಭಾರವೂ ತಗ್ಗುತ್ತದೆ; ಗುಂಡಿಗೆ ಇಳಿದರೆ ಕೈ ಕಳಚುವುದಿಲ್ಲ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕ್ ಸಡಿಲಿಸಬೇಕು. ಯಾವ ಹಿಡಿ ಯಾವ ಚಕ್ರದ್ದೆಂದು ಸಮತಟ್ಟಿನಲ್ಲಿಯೇ ನೋಡಿಕೊಳ್ಳಬೇಕು. ಸೈಕಲಿನಿಂದ ಸೈಕಲಿಗೆ ಅದು ಬದಲಾಗುವುದುಂಟು.

ಮಕ್ಕಳ ವಿಷಯದಲ್ಲಿ ಇಲ್ಲೊಂದು ತೊಡಕಿದೆ. ರೋಡ್ ಬೈಕಿನ ಬ್ರೇಕ್ ಹಿಡಿಗಳು ಸಾಮಾನ್ಯವಾಗಿ ದೊಡ್ಡವರ ಕೈಗೆ ಅಳತೆ ಮಾಡಿದಂಥವು. ಹದಿನಾಲ್ಕರ ಹುಡುಗಿ ಕೊಂಬು ಹಿಡಿದಾಗ ಅವಳ ತೋರುಬೆರಳಿನ ಮೊದಲ ಗೆಣ್ಣು ಬ್ರೇಕಿನ ಹಿಡಿಯನ್ನು ಸುತ್ತದಿದ್ದರೆ, ಆ ಸೈಕಲಿಗೆ ಅವಳ ಪಾಲಿಗೆ ಬ್ರೇಕೇ ಇಲ್ಲ. ಬಹುಪಾಲು ಹಿಡಿಗಳಲ್ಲಿ ಇದನ್ನು ಹತ್ತಿರಕ್ಕೆ ತರುವ ಪುಟ್ಟ ತಿರುಪು ಇರುತ್ತದೆ. ಐದು ನಿಮಿಷದ ಕೆಲಸ. ಬಣ್ಣ ಆರಿಸಲು ಅರ್ಧ ದಿನ ಕಳೆಯುವ ತಂದೆತಾಯಿಗಳು ಈ ಐದು ನಿಮಿಷ ಅಂಗಡಿಯಲ್ಲಿ ನಿಲ್ಲಬೇಕು.

ಏರ್ಕಾಡು ಮುಗಿಸಿದವರ ಕಣ್ಣು ಸಹಜವಾಗಿ ಧರ್ಮಪುರಿಯ ಕಡೆ ಹೊರಳುತ್ತದೆ. 1965ರವರೆಗೆ ಅದೂ ಸೇಲಂ ಜಿಲ್ಲೆಯೇ ಆಗಿತ್ತು. ಎರಡನ್ನೂ ಕೂಡಿಸುವ ರಾಷ್ಟ್ರೀಯ ಹೆದ್ದಾರಿ 44 ತೊಪ್ಪೂರು ಘಾಟಿಯಲ್ಲಿ ಸೇಲಂ ಕಡೆಗೆ ಇಳಿಯುತ್ತದೆ. ಅಲ್ಲಿ ಬ್ರೇಕ್ ಸೋತ ಲಾರಿಗಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಕೊಂಬು ಹಿಡಿಯುವ ಜಾಣ್ಮೆ ಹಿಂದಿನಿಂದ ಬರುವ ಲಾರಿಯನ್ನು ತಡೆಯಲಾರದು. ಮಕ್ಕಳನ್ನು ಆ ದಾರಿಗೆ ಕಳಿಸಬಾರದು. ಸೈಕಲನ್ನು ಬಸ್ಸಿನ ಮೇಲೋ ವ್ಯಾನಿನೊಳಗೋ ಹಾಕಿ ಧರ್ಮಪುರಿ ಸೇರುವುದು ಲೇಸು.

ಅಲ್ಲಿಂದ ಪೆನ್ನಾಗರಂ ಮಾರ್ಗವಾಗಿ ಹೊಗೇನಕಲ್ಲಿಗೆ ಸುಮಾರು 46 ಕಿ.ಮೀ. ಹೊಗೆ, ಕಲ್ಲು ಎರಡನ್ನೂ ಬಲ್ಲ ಕನ್ನಡದ ಮಗುವಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೆನ್ನಾಗರಂ ದಾಟಿದ ಮೇಲೆ ರಸ್ತೆ ಕಾಡಿನ ನಡುವೆ ಕಾವೇರಿಯತ್ತ ಇಳಿಯುತ್ತದೆ. ಏರ್ಕಾಡಿನಲ್ಲಿ ಕಲಿತ ಕೈ ಇಲ್ಲಿ ತಾನಾಗಿ ಕೆಳಗಿನ ಕೊಂಬಿಗೆ ಹೋಗುತ್ತದೆ. ನದಿಯ ಆಚೆ ದಡ ಕರ್ನಾಟಕ. ಹರಿಗೋಲು ಹತ್ತಿ, ಹುರಿದ ಮೀನು ತಿಂದು, ಬಿಸಿಲು ತಗ್ಗಿದ ಮೇಲೆ ಹಿಂದಿರುಗಬೇಕು. ಆಗ ಅದೇ ಇಳಿಜಾರು ಏರಾಗಿ ನಿಂತಿರುತ್ತದೆ, ಕೈ ಮತ್ತೆ ಅಡ್ಡಪಟ್ಟಿಗೆ ಬರುತ್ತದೆ.