ಚಿಕ್ಕಮ್ಮನ ರಾಮಪಟ್ಟಾಭಿಷೇಕ

ಹೊಸನಗರದ ಚಿಕ್ಕಮ್ಮನಿಂದ ಸಾಗರಕ್ಕೆ ಕರೆ ಬಂದಿತು. "ಮಾಣಿ, ದೇವರ ಪೆಟ್ಟಿಗೆಯಲ್ಲಿ ಎರಡು ಹಳೇ ಬೆಳ್ಳಿ ನಾಣ್ಯ ಉಂಟು. ಒಂದಕ್ಕೆ ಲಕ್ಷಗಟ್ಟಲೆ ಬೆಲೆ ಬರ್ತದಂತೆ. ಸೋರುವ ಮಾಡು ಸರಿ ಮಾಡಿಸಬಹುದು, ಬಂದು ನೋಡು."

ಹೋದೆ. ಒಂದು, ವಿಕ್ಟೋರಿಯಾ ರಾಣಿಯ ಸವೆದ ರೂಪಾಯಿ, ಇಸವಿ 1862. ಇನ್ನೊಂದರ ಮೇಲೆ ರಾಮಪಟ್ಟಾಭಿಷೇಕ. ಹಿಂಬದಿಗೆ ಈಸ್ಟ್ ಇಂಡಿಯಾ ಕಂಪೆನಿಯ ಹೆಸರು, 1818. ಚಿಕ್ಕಪ್ಪ ಯಾರಿಂದಲೋ ಕೊಂಡು ತಂದದ್ದು. ಲಕ್ಷದ ಆಸೆ ಹುಟ್ಟಿಸಿದವನು ಈ ರಾಮನೇ.

ನನಗೆ ಅನುಮಾನವಾಯಿತು. ಮದರಾಸಿನ ಕಂಪೆನಿ ವರಾಹಗಳ ಮೇಲೆ ವಿಷ್ಣುವಿನ ಮೂರ್ತಿ ಇದ್ದುದು ನಿಜ. ಆದರೆ ರಾಮಪಟ್ಟಾಭಿಷೇಕದ ನಾಣ್ಯವನ್ನು ಕಂಪೆನಿ ಎಂದೂ ಹೊರಡಿಸಲಿಲ್ಲ. ಹಾಗೆಂದರೆ ಚಿಕ್ಕಮ್ಮ ಒಪ್ಪಲಿಲ್ಲ. ತವರೂರು ತೀರ್ಥಹಳ್ಳಿಯ ಅಕ್ಕಸಾಲಿಯೇ ಹೇಳಬೇಕಂತೆ. ಇಬ್ಬರೂ ಬಸ್ಸು ಹತ್ತಿದೆವು.

ಅಕ್ಕಸಾಲಿ ಮೊದಲು ರಾಣಿಯನ್ನು ತೂಗಿದ. ಹೊಸದಾಗಿದ್ದಾಗ ಅದು ಒಂದು ತೊಲ, ಅಂದರೆ 11.66 ಗ್ರಾಂ, ನೂರಕ್ಕೆ 91.7 ಪಾಲು ಬೆಳ್ಳಿ. ಸವೆತ ಕಳೆದರೆ ತೂಕ ಸರಿಯಿತ್ತು, ಅಂಚಿನ ಗೀರುಗಳೂ ಸಮವಾಗಿದ್ದವು. ರಾಮನ ಅಕ್ಷರಗಳೋ ಮೊಂಡು. ಅಂಚಿನ ಸುತ್ತ ಅಚ್ಚಿನಲ್ಲಿ ಎರಕ ಹೊಯ್ದ ಗೆರೆ. ಒರೆಗಲ್ಲಿಗೆ ತಿಕ್ಕಿದಾಗ ಹಳದಿ ಕಾಣಿಸಿತು. ಬೆಳ್ಳಿಯ ನೀರು ಹಾಯಿಸಿದ ಹಿತ್ತಾಳೆ!

"ಹಾಗಾದರೆ ರಾಣಿಗೇ ಲಕ್ಷವೋ?" ಎಂದರು ಚಿಕ್ಕಮ್ಮ. ಅದೂ ಇಲ್ಲ. 1862 ಎಂಬ ಇಸವಿಯನ್ನೇ ಹೊತ್ತ ರೂಪಾಯಿಗಳು 1874ರವರೆಗೂ ಟಂಕಸಾಲೆಯಿಂದ ಹೊರಬಿದ್ದವು, ಅಪರೂಪದ್ದೇನೂ ಅಲ್ಲ. ನಿಜವಾದ ನಾಣ್ಯವೂ ತನ್ನ ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳಬಲ್ಲುದು.

ಹಿಂದಿರುಗುವಾಗ ಚಿಕ್ಕಮ್ಮ ಮಾತಾಡಲಿಲ್ಲ. ಅವರು ನಂಬಿದ್ದರಲ್ಲಿ ತಪ್ಪೇನು ಎಂದು ನಾನು ಯೋಚಿಸುತ್ತಿದ್ದೆ. ನಮ್ಮ ಸೀಮೆಯ ಇಕ್ಕೇರಿ ವರಾಹದ ಮೇಲೆ ಶಿವಪಾರ್ವತಿಯರು ಕುಳಿತಿದ್ದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯೂ ತನ್ನ ವರಾಹದಿಂದ ಅವರನ್ನು ಎಬ್ಬಿಸಲಿಲ್ಲ. ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಒತ್ತಿಸಿದ. ದೇವರಿರುವ ನಾಣ್ಯವನ್ನು ಕಂಡ ನಾಡಿದು. ಖೋಟಾ ನಾಣ್ಯ ಚಲಾವಣೆಯಾಗುವುದು ಇಂಥ ನಿಜದ ನೆನಪಿನಿಂದಲೇ.

ಮನೆ ಸೇರಿದೊಡನೆ ಚಿಕ್ಕಮ್ಮ ರೂಪಾಯಿಯನ್ನು ನನ್ನ ಕೈಯಲ್ಲಿಟ್ಟರು. "ಇದನ್ನ ಮಾರು ಮಾಣಿ, ನಾಲ್ಕು ಹೆಂಚಾದರೂ ಬರಲಿ." ಹಿತ್ತಾಳೆಯ ರಾಮನನ್ನು ಸೆರಗಿನಿಂದ ಒರೆಸಿ, ಕುಂಕುಮವಿಟ್ಟು ಪೆಟ್ಟಿಗೆಗೆ ಸೇರಿಸಿದರು.

"ಅದು ಖೋಟಾ ಅಲ್ಲವೇ?" ಎಂದೆ.

"ನಾಣ್ಯ ಖೋಟಾ. ತಂದುಕೊಟ್ಟವರು ಖೋಟಾ ಅಲ್ಲವಲ್ಲ," ಎಂದರು.