ರೈಲು ಹೋದ ದಾರಿಯಲ್ಲಿ ನಮ್ಮ ಸೈಕಲ್

ನಾವು ಅಕ್ಕತಂಗಿಯರಿಬ್ಬರೂ ಸೈಕಲ್ ಕಲಿತದ್ದು ಅಣ್ಣನ ಸೈಕಲ್ಲಿನಲ್ಲಿ. ಸುರತ್ಕಲ್ ಕಡೆಯ ನಮ್ಮ ಮನೆಯ ಹಿಂದೆ ತೆಂಗಿನ ತೋಟವಿತ್ತು. ಮಧ್ಯಾಹ್ನ ಉಮ್ಮ ಮಲಗಿದ ಮೇಲೆ ಸೈಕಲ್ಲನ್ನು ಸದ್ದಾಗದಂತೆ ಅಲ್ಲಿಗೆ ತಳ್ಳಿಕೊಂಡು ಹೋಗಿ ಒಳಪೆಡ್ಲು ಹೊಡೆಯುತ್ತಿದ್ದೆವು. ಸೀಟಿನ ಮೇಲೆ ಕುಳಿತರೆ ಕಾಲು ಎಟುಕುತ್ತಿರಲಿಲ್ಲ. ಅಣ್ಣ ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡು ಓಡಿ ಬರುತ್ತಿದ್ದ. ಕೈ ಬಿಟ್ಟ ಮೇಲೂ ಹಿಡಿದಿದ್ದೇನೆ ಎಂದು ಸುಳ್ಳು ಹೇಳುತ್ತಿದ್ದ.

1975ರ ಮಳೆಗಾಲದಲ್ಲಿ ಕಾಲೇಜಿಗೆ ಹೊರಟ ಅಣ್ಣನಿಗೆ ಹೆದ್ದಾರಿಯಲ್ಲಿ ಹಿಂದಿನಿಂದ ಬಂದ ಲಾರಿ ಬಡಿಯಿತು. ಅವನಿಗೆ ಹದಿನೇಳು ವರ್ಷ. ನಮ್ಮಲ್ಲಿ ದೊಡ್ಡವಳಿಗೆ ಹದಿನಾಲ್ಕು, ಸಣ್ಣವಳಿಗೆ ಹನ್ನೊಂದು. ಅಷ್ಟೇನೂ ಜಜ್ಜಿಹೋಗದ ಆ ಸೈಕಲ್ಲನ್ನು ಉಮ್ಮ ಒಂದು ವಾರದೊಳಗೆ ಗುಜರಿಯವನಿಗೆ ಕೊಡಿಸಿದರು. "ಈ ಮನೆಗೆ ಇನ್ನು ಎರಡು ಚಕ್ರದ್ದು ಬರುವುದು ಬೇಡ" ಎಂದರು. ಬರಲಿಲ್ಲ. ನಮ್ಮ ಮದುವೆಯ ಮಾತುಕತೆಯ ದಿನಗಳಲ್ಲಿ ವರನಿಗೆ ಸ್ಕೂಟರ್ ಇದೆ ಎಂಬ ಕಾರಣಕ್ಕೆ ಸಂಬಂಧ ಬೇಡವೆಂದ ತಾಯಿ ಆ ಊರಲ್ಲಿ ಇವರೊಬ್ಬರೇ ಇರಬೇಕು.

ಇಷ್ಟನ್ನು ಹೇಳದೆ, 2023ರ ಸೆಪ್ಟೆಂಬರಿನಲ್ಲಿ ನಾವು ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿದೆವು ಎಂದರೆ ಅದು ಬರೀ ವಿದೇಶ ಪ್ರವಾಸದ ಡಂಗುರವಾದೀತು.

ಸಣ್ಣವಳ ಮಗಳು ಲಿಯೋನ್ ನಗರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅವಳನ್ನು ನೋಡಲು ಹೋದ ನಮಗೆ ಪ್ಯಾರಿಸ್ಸಿನ ಗೋಪುರ ನೋಡುವ ಆಸೆ. ಅವಳೋ, "ಅದನ್ನು ಎಲ್ಲರೂ ನೋಡುತ್ತಾರೆ. ನಿಮ್ಮನ್ನು ಲಾರಿ ಇಲ್ಲದ ರಸ್ತೆಗೆ ಕರಕೊಂಡು ಹೋಗುತ್ತೇನೆ" ಎಂದಳು. ಮನೆಯ ಹಳೆಯ ಕತೆ ಅವಳಿಗೆ ಗೊತ್ತು. ರೈಲಿನಲ್ಲಿ ಮಾಕೋನ್, ಅಲ್ಲಿಂದ ಬಸ್ಸಿನಲ್ಲಿ ಕ್ಲೂನಿ. ಬರ್ಗಂಡಿ ಸೀಮೆಯ ಸಣ್ಣ ಊರು ಅದು.

ಕ್ಲೂನಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇವೆ. 910ರಲ್ಲಿ ಇಲ್ಲಿ ಸ್ಥಾಪನೆಯಾದ ಕ್ರೈಸ್ತ ಮಠ ಒಂದು ಕಾಲದಲ್ಲಿ ಯುರೋಪಿನಲ್ಲೇ ಬಹು ಪ್ರಬಲವಾಗಿತ್ತು. ಪೀಟರ್ ಎಂಬ ಇಲ್ಲಿನ ಮಠಾಧಿಪತಿ 1142ರಲ್ಲಿ ಸ್ಪೇನಿಗೆ ಹೋಗಿ ಪಂಡಿತರನ್ನು ನೇಮಿಸಿ ಕುರ್‌ಆನನ್ನು ಲ್ಯಾಟಿನ್‌ಗೆ ಅನುವಾದ ಮಾಡಿಸಿದ. 1143ರಲ್ಲಿ ಮುಗಿದ ಆ ಅನುವಾದವೇ ಲ್ಯಾಟಿನ್ನಿನಲ್ಲಿ ಮೊದಲನೆಯದು. ಉದ್ದೇಶ ಇಸ್ಲಾಮನ್ನು ಖಂಡಿಸುವುದಾಗಿತ್ತು, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೂ ಖಂಡಿಸುವುದಕ್ಕೆ ಮೊದಲು ಓದಬೇಕು ಎಂದು ಅವನಿಗೆ ಅನಿಸಿತ್ತಲ್ಲ, ಅಷ್ಟು ವ್ಯವಧಾನ ಇಂದಿನ ಎಷ್ಟು ಜನರಿಗಿದೆ? ಫ್ರೆಂಚ್ ಕ್ರಾಂತಿಯ ನಂತರ ಅಲ್ಲಿನ ಮಹಾ ಚರ್ಚನ್ನು ಕೆಡವಿ ಕಲ್ಲುಗಳನ್ನು ಮಾರಿದರು. ಈಗ ಉಳಿದಿರುವುದು ಅದರ ಒಂದು ಸಣ್ಣ ಪಾಲು ಮಾತ್ರ. ಅದರ ಕೆಳಗೆ ನಿಂತು ನೋಡಿದರೂ ಕತ್ತು ನೋಯುತ್ತದೆ.

ಮರುದಿನ ಬೆಳಿಗ್ಗೆ ಸೈಕಲ್ ಬಾಡಿಗೆಗೆ ಹಿಡಿದೆವು. ನಾವು ಹೋಗಬೇಕಾಗಿದ್ದ ದಾರಿ ಹಿಂದೆ ರೈಲು ದಾರಿಯಾಗಿತ್ತು. ಶಾಲೋನ್‌ನಿಂದ ಕ್ಲೂನಿಗೆ ಬರುತ್ತಿದ್ದ ರೈಲು ನಿಂತಿತು, ಹಳಿಗಳನ್ನು ಕಿತ್ತರು, ಪೊದೆ ಬೆಳೆಯಿತು. ಆ ಜಾಗವನ್ನು ತುಂಡು ತುಂಡು ಮಾಡಿ ಮಾರಿಬಿಡಬಹುದಿತ್ತು. ಹಾಗಾಗದೆ, ಅಲ್ಲಿನ ಜಿಲ್ಲಾಡಳಿತ ಅದಕ್ಕೆ ಡಾಂಬರು ಹಾಕಿಸಿ 1997ರಲ್ಲಿ ಜೀವ್ರಿಯಿಂದ ಕ್ಲೂನಿಯವರೆಗೆ 44 ಕಿಲೋಮೀಟರ್ ಉದ್ದಕ್ಕೂ ಸೈಕಲ್ಲಿಗೆ, ನಡೆಯುವವರಿಗೆ ಬಿಟ್ಟುಕೊಟ್ಟಿತು. 'ವ್ವಾ ವೆರ್ತ್', ಅಂದರೆ ಹಸಿರು ಹಾದಿ ಎಂದು ಅದರ ಹೆಸರು. ಫ್ರಾನ್ಸಿನ ಮೊದಲ ಹಸಿರು ಹಾದಿ ಇದೇ. 2004ರಲ್ಲಿ ಅಲ್ಲಿನ ಸಂಚಾರ ಕಾನೂನಿಗೇ ಈ ಪದ ಸೇರಿತು: ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ, ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು ಹೋಗಬಹುದು. ಈಗ ಇಂಥ ಹಾದಿಗಳು ದೇಶದ ಉದ್ದಗಲಕ್ಕೂ ಇವೆ. ಕೆಲವು ಹಳೆಯ ರೈಲು ದಾರಿಗಳು, ಕೆಲವು ಕಾಲುವೆಯ ದಂಡೆಗಳು. ಹಿಂದೆ ಕುದುರೆಗಳು ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ದಂಡೆಗಳ ಮೇಲೆ ಈಗ ಸಾಮಾನು ಹೇರಿಕೊಂಡ ಸೈಕಲ್ಲುಗಳು ದಿನಗಟ್ಟಲೆ ಸಾಗುತ್ತವೆ.

ಅಂಗಡಿಯವನು ನಮ್ಮ ವಯಸ್ಸು ನೋಡಿ ತಗ್ಗು ಚೌಕಟ್ಟಿನ ಸೈಕಲ್ಲುಗಳನ್ನೇ ಕೊಟ್ಟ. ಹೆಲ್ಮೆಟ್ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕಡ್ಡಾಯ ಎಂದ. ಹಾಗಿದ್ದರೆ ನಮಗೆ ಖಂಡಿತ ಬೇಕು, ಸೈಕಲ್ ಬಿಟ್ಟಾಗ ನಮ್ಮಲ್ಲೊಬ್ಬಳಿಗೆ ಹನ್ನೊಂದೇ ವರ್ಷ ಎಂದು ಮಗಳ ಮೂಲಕ ಹೇಳಿಸಿದೆವು. ಅವನಿಗೆ ಎಷ್ಟು ಅರ್ಥವಾಯಿತೋ, ನಕ್ಕು ಎರಡು ಹೆಲ್ಮೆಟ್ ತಂದ. ತಲೆವಸ್ತ್ರವನ್ನು ಬಿಗಿಯಾಗಿ ಸುತ್ತಿ ಅದರ ಮೇಲೆ ಹಾಕಿಕೊಂಡೆವು.

ಮೊದಲ ಹತ್ತು ನಿಮಿಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣವಳು ಎರಡು ಸಲ ಹುಲ್ಲಿನ ಮೇಲೆ ಬಿದ್ದಳು. ಮಗಳು ಹಿಂದಿನಿಂದ ಹಿಡಿದುಕೊಂಡು ಓಡುತ್ತ, "ಬಿಟ್ಟಿಲ್ಲಮ್ಮಾ, ಹಿಡಿದಿದ್ದೇನೆ" ಎಂದು ಕೂಗುತ್ತಿದ್ದಳು. ಕೈ ಯಾವಾಗಲೋ ಬಿಟ್ಟಿದ್ದಳು. ಅದನ್ನು ಕೇಳಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹಾದಿ ಗ್ರೋನ್ ಎಂಬ ಹೊಳೆಯ ಕಣಿವೆಯಲ್ಲಿ ಸಾಗುತ್ತದೆ. ಎರಡೂ ಬದಿ ಹುಲ್ಲುಗಾವಲು, ಅಲ್ಲಿ ಶರೋಲೆ ತಳಿಯ ಕೆನೆ ಬಣ್ಣದ ದಪ್ಪ ದನಗಳು. ದೂರದ ದಿಬ್ಬಗಳಲ್ಲಿ ಕಲ್ಲಿನ ಮನೆಗಳು. ಏರು ಇದೆ ಎಂದು ಕಾಲಿಗೆ ಗೊತ್ತೇ ಆಗುವುದಿಲ್ಲ. ಕಲ್ಲಿದ್ದಲಿನ ರೈಲಿಗೆ ಕಡಿದಾದ ಏರು ಹತ್ತಲಾಗುತ್ತಿರಲಿಲ್ಲ. ಅದಕ್ಕಾಗಿ ದಿಬ್ಬ ಬಂದಲ್ಲಿ ಕಡಿದಿದ್ದಾರೆ, ತಗ್ಗು ಬಂದಲ್ಲಿ ಮಣ್ಣು ತುಂಬಿದ್ದಾರೆ. ಕ್ಲೂನಿಯಿಂದ ದಕ್ಷಿಣಕ್ಕೆ ಹೋದರೆ ಗುಡ್ಡವನ್ನೇ ಕೊರೆದ ಸುಮಾರು 1,600 ಮೀಟರ್ ಉದ್ದದ ಸುರಂಗವಿದೆ. ಚಳಿಗಾಲದಲ್ಲಿ ಅದನ್ನು ಬಾವಲಿಗಳ ನಿದ್ದೆಗಾಗಿ ಮುಚ್ಚುತ್ತಾರಂತೆ! ಅಂದು ಇಂಜಿನ್ನಿಗಾಗಿ ಪಟ್ಟ ಕಷ್ಟದ ಫಲ ಇಂದು ನಮ್ಮಂಥವರ ಮೊಣಕಾಲಿಗೆ ಸಿಕ್ಕಿದೆ.

ನಮಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು ಬೇರೆ. ನಾವು ಪಕ್ಕಪಕ್ಕದಲ್ಲಿ ತುಳಿಯುತ್ತಿದ್ದೆವು. ತುಳಿಯುತ್ತ ಮಾತಾಡುತ್ತಿದ್ದೆವು. ಹಿಂದಿನಿಂದ ಏನು ಬರುತ್ತದೋ ಎಂದು ತಿರುಗಿ ನೋಡುವ ಅಗತ್ಯವಿರಲಿಲ್ಲ. ಅಣ್ಣನ ಹೆಸರನ್ನು ಉಮ್ಮನ ಎದುರು ಎತ್ತದೆ, ಆಮೇಲೆ ನಮ್ಮಿಬ್ಬರ ನಡುವೆಯೂ ಎತ್ತದೆ ನಲವತ್ತೆಂಟು ವರ್ಷ ಕಳೆದಿದ್ದೆವು. ಅವನ ನಗು ಹೇಗಿತ್ತು, ಮಾವಿನಕಾಯಿಗೆ ಕಲ್ಲು ಹೊಡೆದು ಮಾಡು ಒಡೆದದ್ದು ಯಾರು, ಹೋದ ದಿನ ಬೆಳಿಗ್ಗೆ ಅವನು ಚಾ ಕುಡಿದಿದ್ದನೋ ಇಲ್ಲವೋ, ಎಲ್ಲ ಮಾತೂ ಆ ದಾರಿಯಲ್ಲಿ ಬಂತು. ಚಾದ ವಿಷಯದಲ್ಲಿ ನಮಗೆ ಇನ್ನೂ ಒಮ್ಮತವಿಲ್ಲ.

ಹಾದಿ ಅಲ್ಲಲ್ಲಿ ಹಳ್ಳಿಯ ಸಣ್ಣ ರಸ್ತೆಗಳನ್ನು ದಾಟುತ್ತದೆ. ಕಾರು ಒಳಗೆ ನುಗ್ಗದಂತೆ ಅಲ್ಲಿ ಕಂಬ ನೆಟ್ಟಿರುತ್ತಾರೆ. ಅಂಥ ಒಂದು ಕಡೆ ದೊಡ್ಡವಳು ಇಳಿದು ನಿಂತಳು. ಬಲದಿಂದ ಒಂದು ಬಿಳಿ ವ್ಯಾನ್ ಬಂದು ನಿಂತಿತು. ಚಾಲಕ ಕೈಸನ್ನೆಯಲ್ಲಿ ಹೋಗಿ ಎಂದ. ದೊಡ್ಡವಳು ಅಲುಗಲಿಲ್ಲ. ಹ್ಯಾಂಡಲ್ ಹಿಡಿದ ಕೈ ನಡುಗುತ್ತಿತ್ತು. ಅವನು ಹಾರನ್ ಹಾಕಲಿಲ್ಲ, ಮುಂದೆಯೂ ಬರಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಅವನು ಇಂಜಿನ್ ಆಫ್ ಮಾಡಿದ. ಆ ಸದ್ದು ನಿಂತ ಮೇಲೆಯೇ ಅವಳು ಸೈಕಲ್ ತಳ್ಳಿಕೊಂಡು ದಾಟಿದ್ದು.

ಊರಲ್ಲಿ ಆಗ 17 ಎನ್ನುತ್ತಿದ್ದ ಹೆದ್ದಾರಿಗೆ ಈಗ 66 ಎಂದು ನಂಬರು. ಚತುಷ್ಪಥವಾಗಿದೆ. ಶಾಲೆ ಬಿಡುವ ಹೊತ್ತಿಗೆ ಮಕ್ಕಳು ಡಿವೈಡರ್ ಹತ್ತಿ, ಪರಸ್ಪರ ಕೈಹಿಡಿದು, ವಾಹನಗಳ ಸಾಲಿನಲ್ಲಿ ಒಂದು ಸಂದಿಗಾಗಿ ಕಾಯುವುದನ್ನು ನಾವು ಬಸ್ಸಿನಿಂದ ನೋಡಿದ್ದೇವೆ. ಅವರಿಗಾಗಿ ಇಂಜಿನ್ ಆಫ್ ಮಾಡುವವರನ್ನು ಇದುವರೆಗೆ ಕಂಡಿಲ್ಲ.

ಫ್ರಾನ್ಸಿನಲ್ಲೂ ಎಲ್ಲ ರಸ್ತೆ ಹೀಗಿಲ್ಲ. ಹಾದಿಯ ಆಚೆಗಿನ ಜಿಲ್ಲಾ ರಸ್ತೆಗಳಲ್ಲಿ ಕಾರುಗಳು ಬಾಣದಂತೆ ಹೋಗುತ್ತವೆ. ಈ ಮೌನಕ್ಕೆ ಬೇರೊಂದು ಮುಖವೂ ಇದೆ. ಕಾರ್ಮತಾನ್ ಎಂಬ ಊರು ತಲುಪುವ ಮೊದಲು ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ ಮಗಳೊಡನೆ ಮಾತಿಗೆ ತೊಡಗಿದರು. ಹುಡುಗಿಯಾಗಿದ್ದಾಗ ಇದೇ ದಾರಿಯ ರೈಲಿನಲ್ಲಿ ಕ್ಲೂನಿಯ ಸಂತೆಗೆ ಹೋಗುತ್ತಿದ್ದರಂತೆ. "ನಿಮಗೆ ಇದು ಚೆಂದ. ನನಗೆ ಕಾರು ಓಡಿಸಲು ಬಾರದು, ಸೈಕಲ್ ತುಳಿಯುವ ವಯಸ್ಸಲ್ಲ. ಡಾಕ್ಟರರ ಹತ್ತಿರ ಹೋಗಬೇಕಾದರೆ ಪಕ್ಕದ ಮನೆಯವರನ್ನು ಕೇಳಬೇಕು" ಎಂದರು. ರೈಲು ಹೋಗಿದ್ದರಿಂದ ನಮಗೆ ದಾರಿ ಸಿಕ್ಕಿತ್ತು, ಅವರಿಗೆ ತಪ್ಪಿತ್ತು. ಅವರಿಗೆ ಹೇಳಲು ನಮ್ಮಲ್ಲಿ ಮಾತಿರಲಿಲ್ಲ. ಬುತ್ತಿಯಲ್ಲಿದ್ದ ಖರ್ಜೂರ ಕೊಟ್ಟೆವು, ತೆಗೆದುಕೊಂಡರು.

ಕಾರ್ಮತಾನ್‌ನಲ್ಲಿ ಹಳೆಯ ಅರಮನೆ, ತೋಟ ಇವೆ. ಹೊರಗಿನಿಂದ ನೋಡಿದೆವು. ಅಲ್ಲಿಗೆ ಕ್ಲೂನಿಯಿಂದ ಹದಿಮೂರು ಹದಿನಾಲ್ಕು ಕಿಲೋಮೀಟರ್ ಇರಬೇಕು. ನಮಗದು ಬೆಂಗಳೂರಿನಷ್ಟು ದೂರ. ಹಿಂದಿರುಗುವಾಗ ಬಿಸಿಲು ಇಳಿದಿತ್ತು. ಅದೇ ಅಡ್ಡರಸ್ತೆ ಮತ್ತೆ ಬಂತು. ಖಾಲಿಯಿತ್ತು. ದೊಡ್ಡವಳು ನಿಂತು ಎಡಬಲ ನೋಡಿ, ಈ ಸಲ ಸೀಟಿನ ಮೇಲೆ ಕುಳಿತೇ ದಾಟಿದಳು.

ರಾತ್ರಿ ಕೋಣೆಗೆ ಬಂದ ಮೇಲೆ ಒಂದು ಸಮಸ್ಯೆ ಎದುರಾಯಿತು. ಎಂಬತ್ತಾರು ವರ್ಷದ ಉಮ್ಮನಿಗೆ ಪ್ರತಿದಿನ ಫೋನ್ ಮಾಡುವ ರೂಢಿ. ಏನು ಹೇಳುವುದು? ಬಸ್ಸಿನಲ್ಲಿ ತಿರುಗಾಡಿದೆವು ಎನ್ನೋಣ ಎಂದಳು ಸಣ್ಣವಳು. ದೊಡ್ಡವಳು ಒಪ್ಪಲಿಲ್ಲ. ಅಲ್ಲಿ ಆಗ ನಡುರಾತ್ರಿ ಕಳೆದಿತ್ತು. ಬೆಳಿಗ್ಗೆ ಸೈಕಲ್ ಅಂಗಡಿ ತೆರೆಯುವ ಮೊದಲು ಮಾಡಿದೆವು.

"ನಿನ್ನೆ ಯಾಕೆ ಮಾಡಲಿಲ್ಲ?" ಎಂದರು ಉಮ್ಮ.

ಹೇಳಿದೆವು. ರೈಲು ಹೋಗುತ್ತಿದ್ದ ದಾರಿ, ಈಗ ಸೈಕಲ್ಲಿಗೆ ಬಿಟ್ಟಿದ್ದಾರೆ, ನಾವಿಬ್ಬರೂ ಹೋಗಿದ್ದೆವು ಎಂದೆವು. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಫೋನ್ ಕಟ್ಟಾಯಿತೇ ಎಂದು ಮಗಳು ನೋಡಿದಳು.

"ಲಾರಿ ಬರುವುದಿಲ್ಲವಾ ಅಲ್ಲಿ?"

"ಇಲ್ಲ ಉಮ್ಮ. ಬರಲಿಕ್ಕೆ ಬಿಡುವುದಿಲ್ಲ."

"ಬೈಕು?"

"ಅದೂ ಇಲ್ಲ."

ಮತ್ತೆ ಸ್ವಲ್ಪ ಹೊತ್ತು.

"ಇವತ್ತೂ ಹೋಗುವುದುಂಟಾ?" ಎಂದು ಕೇಳಿದರು.