ಯಾರಿಗೂ ಬಾರದ ಭಾಷೆಯ ಹಾಡು

‘ಮ್ಯಾಗ್ಮಾ’ ಎಂದರೇನು ಎಂದು ಕೇಳಿದರೆ ಹೈಸ್ಕೂಲಿನ ಯಾವ ವಿದ್ಯಾರ್ಥಿಯಾದರೂ ಹೇಳಿಯಾನು: ನೆಲದಾಳದಲ್ಲಿ ಕರಗಿ ಕುದಿಯುವ ಶಿಲಾಪಾಕ. ಇದೇ ಹೆಸರಿನ ಸಂಗೀತ ತಂಡವೊಂದು ಫ್ರಾನ್ಸಿನಲ್ಲಿದೆಯೆಂದು ನನಗೆ ತಿಳಿಸಿದವನು ನನ್ನ ಮಗ. 1970ರಲ್ಲಿ ಹೊರಬಂದ ಅದರ ಮೊದಲ ಆಲ್ಬಮನ್ನೂ ಅವನೇ ಕೇಳಿಸಿದ. ಎರಡು ಧ್ವನಿಮುದ್ರಿಕೆ, 80 ನಿಮಿಷಕ್ಕೂ ಮಿಕ್ಕಿದ ಸಂಗೀತ. ಟ್ರಂಪೆಟ್, ಸ್ಯಾಕ್ಸೊಫೋನ್, ಕೊಳಲು, ಗಿಟಾರ್. ಇವೆಲ್ಲವನ್ನೂ ಬೆನ್ನಟ್ಟಿ ಓಡಿಸುವ ಡ್ರಮ್ಮು. ಹಾಡಿನ ಮಾತು ಮಾತ್ರ ಫ್ರೆಂಚೂ ಅಲ್ಲ, ಇಂಗ್ಲಿಷೂ ಅಲ್ಲ. ಅದು ತಂಡದ ಡ್ರಮ್ ವಾದಕ ಕ್ರಿಸ್ಟಿಯಾನ್ ವಾಂಡೇರ್ ತಾವೇ ಕಟ್ಟಿದ ಭಾಷೆ. ಹೆಸರು ಕೊಬಾಯನ್.

ಕಥೆ ವೈಜ್ಞಾನಿಕ ಕಾದಂಬರಿಯಂತಿದೆ. ಭೂಮಿಯ ಬದುಕಿಗೆ ಬೇಸತ್ತ ಒಂದಷ್ಟು ಜನ ಕೊಬಾಯಾ ಎಂಬ ಗ್ರಹಕ್ಕೆ ಹೋಗಿ ನೆಲೆಸುತ್ತಾರೆ. ಹಾಡು ಅವರ ನುಡಿಯಲ್ಲಿದೆ. ತಾವು ಹೇಳಬೇಕಾದುದಕ್ಕೆ ಫ್ರೆಂಚ್ ಭಾಷೆಯ ಕಸುವು ಸಾಲದು ಎಂಬುದು ವಾಂಡೇರ್ ಅವರ ವಾದ.

ಇದೆಂಥ ಹುಚ್ಚಾಟ ಎಂದು ಮೂಗು ಮುರಿಯುವ ಮೊದಲು ಹಿನ್ನೆಲೆ ತಿಳಿಯಬೇಕು. ಅಮೆರಿಕದ ಮಹಾನ್ ಜಾಜ್ ವಾದಕ ಜಾನ್ ಕೋಲ್ಟ್ರೇನ್ 1967ರ ಜುಲೈನಲ್ಲಿ, 40ನೆಯ ವಯಸ್ಸಿಗೇ ತೀರಿಕೊಂಡರು. ಅವರನ್ನು ದೇವರಂತೆ ಕಾಣುತ್ತಿದ್ದ ವಾಂಡೇರ್‌ಗೆ ಆಗ 19 ವರ್ಷ. ಸುದ್ದಿ ಕೇಳಿ ಕುಸಿದ ಅವರು ಕೆಲಕಾಲ ಇಟಲಿಯಲ್ಲಿ ದಿಕ್ಕುಗೆಟ್ಟು ಅಲೆದರು. ಮರಳಿ ಬಂದು 1969ರಲ್ಲಿ ಪ್ಯಾರಿಸ್ಸಿನಲ್ಲಿ ‘ಮ್ಯಾಗ್ಮಾ’ ಕಟ್ಟಿದರು. ಆ ದುಃಖವೇ ಬಾಗಿಲು ಹುಡುಕಿಕೊಂಡು ಹೀಗೆ ಹೊರಬಂದಿತೇನೋ.

ಇದನ್ನು ತಿಳಿದ ಮೇಲೆ ನನಗೆ ನಮ್ಮ ಶಾಲೆಯ ಹುಡುಗನೊಬ್ಬ ನೆನಪಾದ. ತಂದೆ ತೀರಿಕೊಂಡ ವರ್ಷ ಅವನು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಬಿಡುವಿನ ವೇಳೆಯಲ್ಲಿ ಒಬ್ಬನೇ ಕುಳಿತು ಬೆಂಚು ಬಡಿಯುತ್ತಿದ್ದ. ಸುಮ್ಮನಿರಿಸಲು ಹೊರಟ ಸಹೋದ್ಯೋಗಿಯನ್ನು ನಾನೇ ತಡೆದೆ. ಗಮನವಿಟ್ಟು ಕೇಳಿದರೆ ಆ ಬಡಿತಕ್ಕೊಂದು ಲೆಕ್ಕವಿತ್ತು.

ತಿಲ್ಲಾನದ ‘ಧೀಂ ತನನ’ಕ್ಕೆ ಅರ್ಥ ಕೇಳದೆ ತಲೆದೂಗುವ ಜನ ನಾವು. ಮಕ್ಕಳು ಕೇಳುವ ಸಂಗೀತದ ವಿಷಯದಲ್ಲಿ ಮಾತ್ರ ‘ಇದರಿಂದೇನು ಪ್ರಯೋಜನ?’ ಎಂದು ಥಟ್ಟನೆ ಕೇಳಿಬಿಡುತ್ತೇವೆ. ಅಂದು 22ರ ಹರೆಯದಲ್ಲಿ ಯಾರಿಗೂ ಬಾರದ ಭಾಷೆಯಲ್ಲಿ ಹಾಡಿದ ವಾಂಡೇರ್, 2022ರಲ್ಲೂ ಅದೇ ತಂಡದೊಂದಿಗೆ ಹೊಸ ಆಲ್ಬಮ್ ತಂದರು. ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಮಕ್ಕಳ ಪಕ್ಕದಲ್ಲಿ ಕುಳಿತು ಅವರು ಕೇಳುವುದನ್ನು ನೀವೂ ಕೇಳಿ. ಹಿಡಿಸದಿದ್ದರೂ ಚಿಂತೆಯಿಲ್ಲ. ಅದರಲ್ಲಿ ಅವರಿಗೇನು ಸಿಕ್ಕಿತೆಂದು ಮಾತ್ರ ಒಮ್ಮೆ ವಿಚಾರಿಸಿ.